ಮೊದಲ ಮೆಟ್ಟಿಲು ಊರಿನ ಆರೋಗ್ಯ ಕೇಂದ್ರ



ವಿದ್ಯಾರ್ಥಿವೇತನದ ಅರ್ಜಿಗಳ ಜೊತೆಗೆ ವೈದ್ಯಕೀಯ ನೆರವಿನ ಮನವಿಗಳೂ ಟ್ರಸ್ಟಿಗೆ ಬರುತ್ತವೆ. ಕೆಲವು ಸಲ ಎರಡೂ ಒಂದೇ ಮನೆಯವಾಗಿರುತ್ತವೆ. ದುಡಿಯುವವರು ಹಾಸಿಗೆ ಹಿಡಿದರೆ ಮೊದಲು ಒಡವೆ ಅಡವಿಗೆ ಹೋಗುತ್ತದೆ, ಆಮೇಲೆ ಮಕ್ಕಳ ಓದು ನಿಲ್ಲುತ್ತದೆ. ದಾನಿಗಳು ಕೊಟ್ಟ ಶುಲ್ಕದ ಹಣವೂ ಅಲ್ಲಿಗೆ ವ್ಯರ್ಥ. ಹೀಗಾಗದಂತೆ ತಡೆಯುವ ಕೆಲಸ ಬಹಳ ಮಟ್ಟಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಪಟ್ಟಣದ ‘ನಮ್ಮ ಕ್ಲಿನಿಕ್’ನಲ್ಲಿ ಉಚಿತವಾಗಿಯೇ ನಡೆಯುತ್ತದೆ. ಅಲ್ಲಿ ಏನೇನು ಸಿಗುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಮೂವತ್ತು ದಾಟಿದವರು

ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಬಹುಕಾಲ ನೋವನ್ನೇ ಕೊಡುವುದಿಲ್ಲ. ಆದರೆ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ವರೆಗೆ ಹೋಗಲು ಇವೆರಡೇ ಮುಖ್ಯ ಕಾರಣ. 30 ವರ್ಷ ದಾಟಿದ ಎಲ್ಲರಿಗೂ ಕೇಂದ್ರದಲ್ಲಿ ಇವುಗಳ ತಪಾಸಣೆ ಇದೆ. ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಇದೇ ಕಾರ್ಯಕ್ರಮದಲ್ಲಿ ಸೇರಿದೆ. ಬಿ.ಪಿ. ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದರೆ ವೈದ್ಯರನ್ನು ಕಾಣಲೇಬೇಕು. ‘ಈಗ ಆರಾಮಾಗಿದ್ದೇನೆ’ ಎಂದು ಮಾತ್ರೆ ನಿಲ್ಲಿಸಬೇಡಿ. ಆರಾಮಾಗಿರುವುದು ಮಾತ್ರೆಯಿಂದಲೇ.

ಸಕ್ಕರೆ ಕಾಯಿಲೆಯವರು ರಮಝಾನ್ ಉಪವಾಸಕ್ಕೆ ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕೇಳಬೇಕು. ಮಾತ್ರೆ, ಇನ್ಸುಲಿನ್‌ಗಳ ಪ್ರಮಾಣ ಮತ್ತು ಹೊತ್ತನ್ನು ಅವರು ಬದಲಿಸಿ ಕೊಡುತ್ತಾರೆ, ನೀವಾಗಿ ಬದಲಿಸಬೇಡಿ. ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡರೆ ಉಪವಾಸ ಮುರಿಯುವುದಿಲ್ಲ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೂಡಲೇ ಉಪವಾಸ ಬಿಡಬೇಕು. ರೋಗಿಗಳಿಗೆ ವಿನಾಯಿತಿ ಇದ್ದೇ ಇದೆ.

ಮಕ್ಕಳು, ಹದಿಹರೆಯದವರು

ಎಳೆಯ ಮಗುವಿನ ಚುಚ್ಚುಮದ್ದನ್ನು ಹೆಚ್ಚಿನ ಮನೆಗಳಲ್ಲಿ ತಪ್ಪಿಸುವುದಿಲ್ಲ. ಮರೆತುಹೋಗುವುದು ದೊಡ್ಡ ಮಕ್ಕಳದ್ದು. 5–6ನೇ ವಯಸ್ಸಿನಲ್ಲಿ ಡಿಪಿಟಿ ಬೂಸ್ಟರ್, 10 ಮತ್ತು 16ನೇ ವಯಸ್ಸಿನಲ್ಲಿ ಟಿಡಿ ಚುಚ್ಚುಮದ್ದು ಬಾಕಿ ಇರುತ್ತದೆ.

ಓದುವ ಹುಡುಗಿ ಬೇಗ ಸುಸ್ತಾಗುತ್ತಾಳೆ, ಪುಸ್ತಕ ಹಿಡಿದಲ್ಲೇ ತೂಕಡಿಸುತ್ತಾಳೆ ಎಂದಾದರೆ ಸೋಮಾರಿತನ ಎಂದು ಗದರುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 10ರಿಂದ 19 ವರ್ಷದ ಮಕ್ಕಳಿಗೆ ವಾರಕ್ಕೊಂದರಂತೆ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಸರಕಾರ ಉಚಿತವಾಗಿ ಕೊಡುತ್ತದೆ. ಊಟವಾದ ಮೇಲೆ ನುಂಗಬೇಕು, ಚಹಾದ ಜೊತೆ ಬೇಡ. ಮಲ ಕಪ್ಪಾದರೆ ಹೆದರಬೇಕಿಲ್ಲ.

ಗರ್ಭಿಣಿಯರು

ಮೊದಲ ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ಕನಿಷ್ಠ ನಾಲ್ಕು ತಪಾಸಣೆ ಬೇಕು. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿಯೇ ವೈದ್ಯರ ಉಚಿತ ತಪಾಸಣೆ ನಡೆಯುತ್ತದೆ. ವೈದ್ಯರು ಗಂಡಸರೆಂದು ಹೇಳಿಕೊಳ್ಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಗೆ ಅಥವಾ ಕೇಂದ್ರದ ನರ್ಸ್‌ಗೆ ಮೊದಲು ತಿಳಿಸಿ. ಸಂಕೋಚದಿಂದ ತಪಾಸಣೆ ತಪ್ಪಬಾರದು.

ಬಿಡದ ಕೆಮ್ಮು

ಎರಡು ವಾರ ದಾಟಿದ ಕೆಮ್ಮಿಗೆ ಮೆಡಿಕಲ್‌ನಿಂದ ಸಿರಪ್ ತಂದು ದಿನ ದೂಡಬೇಡಿ. ಕಫ ಪರೀಕ್ಷೆಯೂ ಕ್ಷಯದ ಔಷಧಿಯೂ ಉಚಿತ. ಸಾಮಾನ್ಯ ಕ್ಷಯ ಆರು ತಿಂಗಳ ಚಿಕಿತ್ಸೆಯಲ್ಲಿ ಗುಣವಾಗುತ್ತದೆ. ಆ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿಯ ನೆರವು ರೋಗಿಯ ಬ್ಯಾಂಕ್ ಖಾತೆಗೆ ಸಿಗುತ್ತದೆ. ಈ ಕಾಯಿಲೆಯನ್ನು ಮುಚ್ಚಿಟ್ಟರೆ ಮನೆಯ ಮಕ್ಕಳಿಗೇ ಅಪಾಯ.

ದೊಡ್ಡ ಚಿಕಿತ್ಸೆಗೂ ದಾರಿ ಇಲ್ಲಿಂದಲೇ

ಶಸ್ತ್ರಚಿಕಿತ್ಸೆಯಂಥ ದೊಡ್ಡ ಖರ್ಚಿಗೆ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರಕಾರ ಭರಿಸುತ್ತದೆ. ಆದರೆ ತುರ್ತು ಸಂದರ್ಭ ಬಿಟ್ಟರೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ದೊರೆಯದು. ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ, ಬಿಲ್ಲು ಕೈಗೆ ಬಂದ ಮೇಲೆ ನೆರವು ಹುಡುಕುವ ಕುಟುಂಬ ಹಕ್ಕಾಗಿ ಸಿಗಬೇಕಿದ್ದುದನ್ನು ಕಳೆದುಕೊಂಡಿರುತ್ತದೆ. ಆದ್ದರಿಂದ ಮೊದಲು ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಮುಂದಿನ ದಾರಿ ಕೇಳಿಕೊಳ್ಳಿ. ಎದೆನೋವು, ಅಪಘಾತ, ಹೆರಿಗೆ ತೊಂದರೆಯಂಥ ತುರ್ತಿನಲ್ಲಿ ಮಾತ್ರ ಕಾಯದೆ 108ಕ್ಕೆ ಕರೆ ಮಾಡಿ.

ದಾನಿಗಳಲ್ಲಿ ಒಂದು ವಿನಂತಿ. ಪರಿಚಯದ ಕುಟುಂಬವೊಂದು ಆಸ್ಪತ್ರೆ ಖರ್ಚಿಗೆಂದು ಬಳಿಗೆ ಬಂದಾಗ, ಕೈಲಾದುದನ್ನು ಕೊಡುವುದರ ಜೊತೆಗೆ ‘ರೆಫರಲ್ ಪತ್ರ ಮಾಡಿಸಿದ್ದೀರಾ?’ ಎಂದೂ ಕೇಳಿ. ಆ ಒಂದು ಪ್ರಶ್ನೆಯಿಂದ ಲಕ್ಷಗಟ್ಟಲೆ ಸಾಲ ತಪ್ಪಬಹುದು.

ಪೋಷಕರು ವಿದ್ಯಾರ್ಥಿವೇತನದ ಅರ್ಜಿಗಾಗಿ ರೇಷನ್ ಕಾರ್ಡ್, ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಮಾಡಿಸುವಾಗ ಇನ್ನೊಂದು ಪ್ರತಿ ಹೆಚ್ಚಿಗೆ ಮಾಡಿಸಿ. ಹಳೆಯ ಔಷಧಿ ಚೀಟಿ, ರಕ್ತ ಪರೀಕ್ಷೆಯ ವರದಿ, ಮಕ್ಕಳ ಚುಚ್ಚುಮದ್ದಿನ ಕಾರ್ಡ್‌ಗಳನ್ನೂ ಸೇರಿಸಿ ಮನೆಗೊಂದು ಫೈಲ್ ಮಾಡಿ ಇಡಿ. ಅಸ್ವಸ್ಥತೆ ಹೇಳಿ ಕೇಳಿ ಬರುವುದಿಲ್ಲ. ಬಂದ ದಿನ ಕಾಗದ ಹುಡುಕುತ್ತಾ ಹೊತ್ತು ಕಳೆಯುವಂತಾಗಬಾರದು.