ಮೇಲಿರುವ ಆ್ಯಪ್ ಮೇಲೇರುತ್ತಲೇ ಇರುವುದೇಕೆ?

ಆಪಲ್ ಕಂಪನಿ 2008ರ ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆದಾಗ ಅಲ್ಲಿದ್ದದ್ದು ಸುಮಾರು 500 ಆ್ಯಪ್‌ಗಳು. ಇಂದು ಅಲ್ಲಿಯೂ ಗೂಗಲ್ ಪ್ಲೇ ಸ್ಟೋರ್‌ನಲ್ಲಿಯೂ ಆ್ಯಪ್‌ಗಳ ಸಂಖ್ಯೆ ಹತ್ತು ಲಕ್ಷ ದಾಟಿದೆ. ಮೊಬೈಲ್ ಪರದೆಯಲ್ಲಿ ಒಮ್ಮೆಗೆ ಕಾಣುವುದು ಮಾತ್ರ ಬೆರಳೆಣಿಕೆಯಷ್ಟು. ಒಳ್ಳೆಯದನ್ನು ಮಾಡಿದರೆ ಜನ ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ ಎಂಬ ಮಾತು ಹೊಸಬರಿಗೆ ಧೈರ್ಯ ತುಂಬಬಹುದು. ಆದರೆ ಪ್ರಯೋಗಗಳು ಹೇಳುವುದೇ ಬೇರೆ: ಗೆಲುವನ್ನು ಗುಣವೊಂದೇ ತೀರ್ಮಾನಿಸುವುದಿಲ್ಲ, ಮೊದಮೊದಲು ಸಿಕ್ಕ ಅಲ್ಪ ಮುನ್ನಡೆಯೇ ಮುಂದೆ ದೊಡ್ಡ ಅಂತರವಾಗಿ ಬೆಳೆಯುತ್ತದೆ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ಹೆಸರೇ ಕೇಳದ ತಂಡಗಳ 48 ಹಾಡುಗಳನ್ನು ಅವರು 14,341 ಜನರ ಮುಂದಿಟ್ಟರು. ಒಂದು ಗುಂಪಿಗೆ ಹಾಡಿನ ಮತ್ತು ತಂಡದ ಹೆಸರಷ್ಟೇ ಕಾಣುತ್ತಿತ್ತು. ಉಳಿದವರನ್ನು ಎಂಟು ಪ್ರತ್ಯೇಕ ‘ಲೋಕ’ಗಳಿಗೆ ಹಂಚಿ, ಆಯಾ ಲೋಕದಲ್ಲಿ ಪ್ರತಿ ಹಾಡು ಎಷ್ಟು ಡೌನ್‌ಲೋಡ್ ಆಗಿದೆ ಎಂಬುದನ್ನೂ ತೋರಿಸಿದರು. ಎಲ್ಲ ಲೋಕಗಳೂ ಸೊನ್ನೆಯಿಂದಲೇ ಶುರುವಾದರೂ ಕೊನೆಗೆ ಮುಟ್ಟಿದ ಜಾಗ ಬೇರೆ ಬೇರೆ. ‘52ಮೆಟ್ರೊ’ ಎಂಬ ತಂಡದ ‘ಲಾಕ್‌ಡೌನ್’ ಹಾಡು ಯಾರ ಪ್ರಭಾವವೂ ಇಲ್ಲದ ಗುಂಪಿನಲ್ಲಿ 26ನೇ ಸ್ಥಾನದಲ್ಲಿತ್ತು. ಅದೇ ಹಾಡು ಒಂದು ಲೋಕದಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದು. ಹಾಡುಗಳನ್ನು ಜನಪ್ರಿಯತೆಯ ಕ್ರಮದಲ್ಲಿ ಮೇಲಿಂದ ಕೆಳಕ್ಕೆ ಜೋಡಿಸಿ ತೋರಿಸಿದಾಗಲಂತೂ ಮೇಲಿನವಕ್ಕೂ ಕೆಳಗಿನವಕ್ಕೂ ನಡುವಿನ ಅಂತರ ಇನ್ನಷ್ಟು ಹಿಗ್ಗಿತು. ಆ್ಯಪ್ ಸ್ಟೋರ್‌ಗಳ ‘ಟಾಪ್’ ಪಟ್ಟಿ ಇರುವುದು ಇದೇ ಜೋಡಣೆಯಲ್ಲಿ.

ಹಾಗಾದರೆ ಗುಣಕ್ಕೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ತೀರಾ ಒಳ್ಳೆಯ ಹಾಡು ನೆಲಕಚ್ಚಿದ್ದೂ ತೀರಾ ಕಳಪೆ ಹಾಡು ಗೆದ್ದದ್ದೂ ಅಪರೂಪ. ಅದೃಷ್ಟದ ಆಟ ಜೋರಾಗಿ ನಡೆದದ್ದು ನಡುವಿನ ದೊಡ್ಡ ಗುಂಪಿನಲ್ಲಿ, ಮತ್ತು ಹೆಚ್ಚಿನ ಆ್ಯಪ್‌ಗಳು ಇರುವುದೂ ಅಲ್ಲೇ. ಮುನ್ನಡೆಯೇ ಮುಖ್ಯವಾದರೆ ದುಡ್ಡು ಕೊಟ್ಟು ಸುಳ್ಳು ಡೌನ್‌ಲೋಡ್, ಸುಳ್ಳು ರಿವ್ಯೂ ತಂದುಕೊಂಡರಾಯಿತಲ್ಲ ಎಂದು ಕೆಲವರು ವಾದಿಸಬಹುದು. ಇದಕ್ಕೂ ಸಾಲ್ಗನಿಕ್ ಮತ್ತು ವಾಟ್ಸ್ 2008ರಲ್ಲಿ ಉತ್ತರ ಕೊಟ್ಟಿದ್ದಾರೆ. ಪಟ್ಟಿಯನ್ನು ತಲೆಕೆಳಗು ಮಾಡಿ, ಕೊನೆಯ ಹಾಡೇ ಜನಪ್ರಿಯ ಎಂದು ಸುಳ್ಳು ತೋರಿಸಿದಾಗ ಬಹಳಷ್ಟು ಜನ ನಂಬಿದ್ದು ನಿಜ. ಆದರೆ ಅತ್ಯುತ್ತಮ ಹಾಡುಗಳಲ್ಲಿ ಕೆಲವು ನಿಧಾನವಾಗಿ ಮೇಲೆ ಬಂದವು, ಒಟ್ಟು ಡೌನ್‌ಲೋಡ್ ಸಂಖ್ಯೆಯೇ ಕುಸಿಯಿತು. ಸುಳ್ಳು ಇಡೀ ಮಾರುಕಟ್ಟೆಗೇ ನಷ್ಟ ತರುತ್ತದೆ ಎಂಬ ಈ ಅಂಶ ನನಗೆ ಬಹಳ ಮುಖ್ಯವೆನಿಸುತ್ತದೆ. ಇನ್ನು ಗೂಗಲ್ ಪ್ಲೇ ಬಳಕೆಯ ಗುಣಮಟ್ಟವನ್ನೂ ಅಳೆಯುತ್ತದೆ. ದಿನದ ಬಳಕೆದಾರರಲ್ಲಿ ಶೇ. 1.09ಕ್ಕಿಂತ ಹೆಚ್ಚು ಜನರ ಕಣ್ಣೆದುರೇ ಆ್ಯಪ್ ಕ್ರ್ಯಾಶ್ ಆಗುತ್ತಿದ್ದರೆ, ಅದು ಇತರರಿಗೆ ಕಾಣಿಸಿಕೊಳ್ಳುವುದೇ ಕಡಿಮೆಯಾಗಬಹುದು.

ಪ್ರಾಮಾಣಿಕವಾಗಿ ಮುನ್ನಡೆ ಗಳಿಸುವ ದಾರಿ ಪೈಪೋಟಿ ಕಡಿಮೆ ಇರುವ ಕಡೆಯಿಂದ ಶುರುವಾಗುತ್ತದೆ. ಫಿನ್ಲೆಂಡಿನ ರೋವಿಯೊ ಕಂಪನಿ 51 ಆಟಗಳನ್ನು ಮಾಡಿದ ಮೇಲೆ 2009ರ ಡಿಸೆಂಬರ್‌ನಲ್ಲಿ ‘ಆಂಗ್ರಿ ಬರ್ಡ್ಸ್’ ಬಿಟ್ಟಿತು. ಅಮೆರಿಕ, ಬ್ರಿಟನ್‌ಗಳಲ್ಲಿ ಮೊದಲಿಗೆ ಯಾರೂ ತಿರುಗಿ ನೋಡಲಿಲ್ಲ. ಫಿನ್ಲೆಂಡಿನ ಪಟ್ಟಿಯಲ್ಲಿ ಮೇಲೇರಲು ಕೆಲವೇ ನೂರು ಮಾರಾಟ ಸಾಕಿತ್ತು. ಅಲ್ಲಿ, ಬಳಿಕ ಸ್ವೀಡನ್, ಡೆನ್ಮಾರ್ಕ್, ಗ್ರೀಸ್‌ಗಳಂಥ ಪುಟ್ಟ ಮಾರುಕಟ್ಟೆಗಳಲ್ಲಿ ಹೆಸರು ಮಾಡಿದ ಆಟವನ್ನು 2010ರ ಫೆಬ್ರುವರಿಯಲ್ಲಿ ಆಪಲ್ ತನ್ನ ಬ್ರಿಟನ್ ಸ್ಟೋರ್‌ನ ಮುಖಪುಟದಲ್ಲಿ ಇಟ್ಟಿತು. ಆಟ ಅಲ್ಲಿಯೂ ಒಂದನೇ ಸ್ಥಾನಕ್ಕೆ ಹಾರಿತು. ಭಾಷೆಯೂ ಇಂಥದೊಂದು ಪುಟ್ಟ ಮಾರುಕಟ್ಟೆಯಾಗಬಲ್ಲದು. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ಹೆಸರು, ವಿವರಣೆ, ಸ್ಕ್ರೀನ್‌ಶಾಟ್‌ಗಳನ್ನು ಕನ್ನಡದಲ್ಲಿಯೂ ಕೊಡಲು ಅವಕಾಶವಿದೆ. ಕನ್ನಡದಲ್ಲಿ ಹುಡುಕುವವರು ಕಡಿಮೆ, ಶ್ರಮ ದಂಡ ಎನ್ನುವವರಿದ್ದಾರೆ. ಆದರೆ ಆ ಹುಡುಕಾಟಕ್ಕೆ ಕನ್ನಡದಲ್ಲೇ ಉತ್ತರ ಕೊಡುವ ಆ್ಯಪ್‌ಗಳೂ ಕಡಿಮೆ. ಕೃಷಿ ಲೆಕ್ಕದ ಆ್ಯಪ್ ಮಾಡಿದವರು ಇಂಗ್ಲಿಷ್ ಹೆಸರಿನೊಂದಿಗೆ ಸಾವಿರಾರು ಆ್ಯಪ್‌ಗಳ ಹಿಂದೆ ನಿಲ್ಲುವ ಬದಲು, ‘ಅಡಿಕೆ ತೋಟದ ಖರ್ಚು’ ಎಂದು ಟೈಪಿಸುವ ರೈತನಿಗೆ ಮೊದಲ ಸಾಲಿನಲ್ಲೇ ಸಿಗಬಹುದು.