ಕಬ್ಬಿನ ಗಾಡಿಯೂ ಒಂದು ಪಿನ್ನೂ

ದೀಪಾವಳಿ ಮುಗಿದು ಸಕ್ಕರೆ ಕಾರಖಾನೆಗಳು ಕಬ್ಬು ನುರಿಸಲು ತೊಡಗಿದುವೆಂದರೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ರಸ್ತೆಗಳಲ್ಲಿ ಹಗಲಿರುಳು ಕಬ್ಬಿನ ಗಾಡಿಗಳದೇ ಸಾಲು. ಮುಂದೆ ಒಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು. ಕಬ್ಬು ಕಾರಖಾನೆಯ ಕಾಟಾ ಮುಟ್ಟಿದರೇ ಒಕ್ಕಲಿಗನ ಕೈಗೆ ಹಣ, ನಿಜ. ಆದರೆ ಆ ಗಾಡಿ ದಾರಿಯಲ್ಲಿ ಮತ್ತೊಬ್ಬರ ಮನೆಯ ದೀಪ ನಂದಿಸಿದರೆ ಆ ಹಣದಿಂದ ಏನು ಸುಖ?

ಚಕ್ಕಡಿ ಹೂಡುವ ಮುನ್ನ ಕಡಾಣಿ ನೋಡಿಕೊಳ್ಳುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಟ್ರ್ಯಾಕ್ಟರು ಬಂದ ಮೇಲೆ ಆ ಪದ್ಧತಿ ಸಡಿಲಿದೆ. ಟ್ರೇಲರನ್ನು ಟ್ರ್ಯಾಕ್ಟರಿಗೆ ಹಿಡಿದಿರುವುದು ಒಂದೇ ಒಂದು ಕಬ್ಬಿಣದ ಪಿನ್ನು. ಅದರ ಕೆಳತುದಿಯ ತೂತಿಗೆ ಹಾಕುವ ಸಣ್ಣ ಕ್ಲಿಪ್ಪು ಕಳೆದರೆ ಹಲವರು ಹಾಗೆಯೇ ಓಡಿಸುತ್ತಾರೆ. ಪಿನ್ನೇ ಸಿಗದಿದ್ದರೆ ಹಳೆಯ ಬೋಲ್ಟು ತುರುಕುವವರೂ ಉಂಟು. ಕಬ್ಬು ಇಳಿಸಿ ಮರಳುವಾಗ ಭಯವಿಲ್ಲವೆಂದು ತಿಳಿಯಬಾರದು. ಖಾಲಿ ಟ್ರೇಲರು ತುಂಬಿದ್ದಕ್ಕಿಂತ ಹೆಚ್ಚು ಕುಪ್ಪಳಿಸುವುದರಿಂದ ತಗ್ಗಿನ ಒಂದು ಪೆಟ್ಟಿಗೆ ಪಿನ್ನು ಮೇಲಕ್ಕೆ ಹಾರಬಹುದು. ಕಳಚಿದ ಟ್ರೇಲರಿಗೆ ಹಿಡಿಯುವವನಿಲ್ಲ, ನಿಲ್ಲಿಸುವವನಿಲ್ಲ.

ಇದಕ್ಕೆ ಉಪಾಯ ಸರಳ. ಸರಿಯಾದ ಅಳತೆಯ ಪಿನ್ನು, ಅದಕ್ಕೆ ಕ್ಲಿಪ್ಪು, ಮೇಲಾಗಿ ದಪ್ಪನೆಯ ಎರಡು ಸರಪಳಿ. ಸರಪಳಿಗಳನ್ನು ಟ್ರೇಲರಿನ ಮೂಕಿಯ ಕೆಳಗೆ ಕತ್ತರಿಯಂತೆ ಹಾಯಿಸಿ ಕಟ್ಟಿದರೆ, ಪಿನ್ನು ಕಳಚಿದರೂ ಮೂಕಿ ನೆಲಕ್ಕೆ ನಾಟದೆ ಅವುಗಳ ಮೇಲೆ ನಿಲ್ಲುತ್ತದೆ. ತಿರುವಿನಲ್ಲಿ ಬಿಗಿಯದಷ್ಟು ಸಡಿಲವಿರಲಿ, ನೆಲಕ್ಕೆ ತಾಗುವಷ್ಟು ಬೇಡ. ಎರಡು ಟ್ರೇಲರುಗಳ ನಡುವೆಯೂ ಹೀಗೆಯೇ ಕಟ್ಟತಕ್ಕದ್ದು.

ಎರಡನೆಯ ಮಾತು ಬ್ರೇಕಿನದು. ಟ್ರ್ಯಾಕ್ಟರಿನ ಸ್ವಂತ ತೂಕ ಸುಮಾರು 2 ಟನ್. ಒಂದೊಂದು ಟ್ರೇಲರಿನ ಹೊರೆಯೇ ಅನೇಕ ಸಲ 8-10 ಟನ್. ಡೀಸೆಲ್ಲು ಉಳಿಯಲೆಂದು ಇಳಿಜಾರಿನಲ್ಲಿ ಗೇರು ತೆಗೆದು ಬಿಟ್ಟರೆ ಹೊರೆಯೇ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ ಅಡ್ಡ ಕೆಡವುತ್ತದೆ. ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕಿರಿ. ಹೊಲದಲ್ಲಿ ಬೇರೆ ಬೇರೆ ತುಳಿಯುವ ಎಡ-ಬಲ ಬ್ರೇಕಿನ ಪೆಡಲುಗಳನ್ನು ರಸ್ತೆಗೆ ಬಂದೊಡನೆ ಕೊಂಡಿ ಹಾಕಿ ಜೋಡಿಸಿರಿ. ಇಲ್ಲವಾದರೆ ಒಂದೇ ಗಾಲಿ ಹಿಡಿದು ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಮೂರನೆಯದು ಬೆಳಕು. ಗಂಟೆಗೆ 60 ಕಿಲೋಮೀಟರಿನಂತೆ ಬರುವ ಮೋಟಾರ್ ಸೈಕಲ್ಲು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ದೀಪವಿಲ್ಲದ ಟ್ರೇಲರು 30 ಮೀಟರು ದೂರದಲ್ಲಿ ಕಂಡರೆ ಸವಾರನಿಗೆ ಎರಡು ಸೆಕೆಂಡೂ ಸಿಗದು. ಆ ಸವಾರ ನಿಮ್ಮ ಅಳಿಯನೋ ತಮ್ಮನೋ ಆಗಿರಬಹುದು. ಹಿಂದೆ ಕೆಂಪು ದೀಪ, ಹೊಳೆಯುವ ಕೆಂಪು ಪಟ್ಟಿ ಇದ್ದೇ ಇರಬೇಕು. ಇಳಿಬಿದ್ದ ಕಬ್ಬು ಇವನ್ನು ಮರೆಮಾಡದಂತೆ ಹೊರೆಯನ್ನು ಬಿಗಿದು ಕಟ್ಟಿರಿ. ಗಾಡಿ ಕೆಟ್ಟರೆ ರಸ್ತೆಯ ಅಂಚಿಗೆ ಸರಿಸಿ ದೂರದಿಂದಲೇ ಕಾಣುವಂತೆ ಗುರುತು ಇಡಿರಿ. ಹೊರಡುವಾಗ ಗಾಲಿಗೆ ಕೊಟ್ಟ ಕಲ್ಲುಗಳನ್ನು ಮರೆಯದೆ ತೆಗೆದುಹಾಕಿರಿ. ಓಡುವ ಗಾಡಿಯಿಂದ ಕಬ್ಬು ಕೀಳಲು ಬೆನ್ನಟ್ಟುವ ಮಕ್ಕಳನ್ನೂ, ಮೂಕಿಯ ಮೇಲೆ ಕುಳಿತು ಬರುವ ಕೂಲಿಯವರನ್ನೂ ತಡೆಯುವುದು ಹಿರಿಯರ ಕೆಲಸ.

ಕಾಯ್ದೆ ಗಡಿಯ ಎರಡೂ ಕಡೆಗೆ ಒಂದೇ. 1988ರ ಮೋಟಾರು ವಾಹನ ಕಾಯ್ದೆಯ 122ನೆಯ ಕಲಮಿನ ಮೇರೆಗೆ ಟ್ರೇಲರನ್ನು ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯವಾಗುವಂತೆ ನಿಲ್ಲಿಸಕೂಡದು. 2019ರ ತಿದ್ದುಪಡಿಯಂತೆ ತೂಕ ಮಿತಿ ಮೀರಿದರೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ. ಹೊರೆ ಮಿತಿ ಮೀರಿ ಹೊರಚಾಚಿದರೂ 20,000 ರೂಪಾಯಿ.

ದಂಡವನ್ನು ಹೇಗಾದರೂ ತುಂಬಬಹುದು, ಹೋದ ಜೀವವನ್ನು ತರಲಾಗದು. ಆದುದರಿಂದ ಒಕ್ಕಲಿಗ ಬಾಂಧವರೇ, ಹೊಲದಿಂದ ಹೊರಡುವಾಗ ಒಮ್ಮೆ, ಕಾರಖಾನೆಯಿಂದ ಮರಳುವಾಗ ಒಮ್ಮೆ ಗಾಡಿಯ ಸುತ್ತ ನಡೆದು ಪಿನ್ನು, ಕ್ಲಿಪ್ಪು, ಸರಪಳಿ, ದೀಪಗಳನ್ನು ಕೈಮುಟ್ಟಿ ನೋಡಿರಿ. ಐದು ನಿಮಿಷದ ಕೆಲಸ.