ಮೂಳೆಯಿಂದ ಮೆಟ್ಟಿನವರೆಗೆ

ಅಡುಗೆಮನೆಯ ಗ್ಯಾಸ್ ಲೈಟರಿಗೆ ಬ್ಯಾಟರಿ ಬೇಕಿಲ್ಲ. ಗುಂಡಿ ಒತ್ತಿದಾಗ ಒಳಗಿನ ಪುಟ್ಟ ಸುತ್ತಿಗೆ ಪಿಂಗಾಣಿಯಂಥ ತುಣುಕಿಗೆ ಬಡಿಯುತ್ತದೆ, ಆ ಏಟಿಗೇ ಕಿಡಿ ಹಾರುತ್ತದೆ. ಒತ್ತಿದರೆ ವಿದ್ಯುತ್ ಕೊಡುವ ಈ ಪೀಜೋ ಗುಣವನ್ನು ಪ್ಯಾರಿಸ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ಹರಳುಗಳಲ್ಲಿ ಕಂಡುಕೊಂಡರು. ಆಮೇಲೆ ಬಹುಕಾಲ ಇದು ಗಟ್ಟಿ ವಸ್ತುಗಳ ವಿದ್ಯೆಯಾಗಿಯೇ ಉಳಿಯಿತು. ಬಗ್ಗಿಸಿದರೆ ಮುರಿಯುವ ಹರಳನ್ನು ಮೈಮೇಲೆ ತೊಡುವುದಾದರೂ ಹೇಗೆ?

ಮೆತ್ತನೆಯ ವಸ್ತುಗಳತ್ತ ದಾರಿ ತೋರಿದವರಲ್ಲಿ ನನ್ನನ್ನು ಹೆಚ್ಚು ಸೆಳೆದವರು ಜಪಾನಿನ ಭೌತವಿಜ್ಞಾನಿ ಎಯಿಚಿ ಫುಕಾಡ. ಟೋಕಿಯೋದ ಕೊಬಯಾಶಿ ಭೌತಸಂಶೋಧನಾ ಸಂಸ್ಥೆಯಲ್ಲಿದ್ದ ಅವರು ಅಳೆಯಲು ಹೊರಟಿದ್ದು ಮರದ ತುಂಡನ್ನು. ಮರಕ್ಕೂ ಪೀಜೋ ಗುಣವಿದೆಯೆಂದು 1955ರಲ್ಲಿ ಪ್ರಕಟಿಸಿದರು. ಮುಂದೆ ಮೂಳೆವೈದ್ಯ ಇವಾವೊ ಯಸುಡ ಜೊತೆಯಾದರು. ಮನುಷ್ಯನ ಮತ್ತು ಎತ್ತಿನ ತೊಡೆಮೂಳೆಯಿಂದ ಕೊಯ್ದ ತುಣುಕುಗಳನ್ನು ಪೂರ್ತಿ ಒಣಗಿಸಿ, ಬೇರೆಬೇರೆ ಕೋನಗಳಲ್ಲಿ ಒತ್ತಿ ನೋಡಿದರು. ಮೂಳೆ ವಿದ್ಯುತ್ ಕೊಟ್ಟಿತು! ಅದು ಸ್ಫಟಿಕಶಿಲೆಯ ಸುಮಾರು ಹತ್ತನೇ ಒಂದು ಪಾಲಿನಷ್ಟು. ಸುಣ್ಣದಂಶವಲ್ಲ, ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಒಂದರ ಮೇಲೊಂದು ಜಾರುವುದೇ ಇದಕ್ಕೆ ಕಾರಣ ಎಂದು 1957ರ ಪ್ರಬಂಧದಲ್ಲಿ ಬರೆದರು. ಜೀವಂತ ಮೂಳೆಯಲ್ಲಿ ಒಳಗಿನ ದ್ರವದ ಹರಿವಿನಿಂದಲೂ ವಿದ್ಯುತ್ ಹುಟ್ಟುತ್ತದೆಂದು ಆಮೇಲೆ ತಿಳಿಯಿತು. ಆದರೂ ಫುಕಾಡ ಅವರ ಅಳತೆಯ ಬೆಲೆ ಕುಗ್ಗುವುದಿಲ್ಲ. ನಾರಿಗೂ ಎಳೆಗೂ ಈ ಗುಣವಿದೆಯೆಂದಾದರೆ ಪ್ಲಾಸ್ಟಿಕ್ಕಿಗೆ ಯಾಕಿರಬಾರದು ಎಂದು ಕೇಳುವ ಧೈರ್ಯ ಅಲ್ಲಿಂದ ಬಂತು.

ಅದೇ ಸಂಸ್ಥೆಯ ಹೈಜಿ ಕವಾಯಿ 1969ರಲ್ಲಿ ಉತ್ತರ ಕೊಟ್ಟರು. ಪಾಲಿವಿನೈಲಿಡೀನ್ ಫ್ಲೋರೈಡ್, ಚಿಕ್ಕದಾಗಿ ಪಿವಿಡಿಎಫ್, ಎಂಬ ಪ್ಲಾಸ್ಟಿಕ್ ಹಾಳೆಯನ್ನು ಹಲವು ಪಟ್ಟು ಉದ್ದಕ್ಕೆ ಎಳೆದು, ಬಿಸಿಯಲ್ಲೇ ಅದಕ್ಕೆ ಭಾರಿ ವಿದ್ಯುತ್ ಕ್ಷೇತ್ರ ಕೊಟ್ಟು ತಣಿಸಿದರು. ಎಳೆದಾಗ ಅಣುಸರಪಳಿಯ ಫ್ಲೋರಿನ್ ಒಂದು ಪಕ್ಕಕ್ಕೂ ಹೈಡ್ರೋಜನ್ ಇನ್ನೊಂದು ಪಕ್ಕಕ್ಕೂ ಸರಿಯುತ್ತವೆ. ವಿದ್ಯುತ್ ಕ್ಷೇತ್ರ ಅವನ್ನೆಲ್ಲ ಒಂದೇ ದಿಕ್ಕಿಗೆ ನಿಲ್ಲಿಸುತ್ತದೆ. ಇಂಥ ಹಾಳೆಯನ್ನು ಬಗ್ಗಿಸಿದರೆ ಸಾಕು, ಎರಡು ಮೈಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ.

ಈ ಹಾಳೆ ಕಾಲಿಗೆ ಬಂದದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ. ಜೋಸೆಫ್ ಪ್ಯಾರಡೀಸೊ ಮತ್ತು ಸಂಗಡಿಗರು 1998ರಲ್ಲಿ ಎಂಟೆಂಟು ಪಿವಿಡಿಎಫ್ ಹಾಳೆಗಳ ಎರಡು ಕಟ್ಟುಗಳ ನಡುವೆ ಬಳುಕುವ ಪ್ಲಾಸ್ಟಿಕ್ ಪಟ್ಟಿಯಿಟ್ಟು ಬೂಟಿನ ಅಟ್ಟೆಯೊಳಗೆ ಕೂರಿಸಿದರು. ನಡೆಯುವಾಗ ಸಿಕ್ಕಿದ್ದು ಸರಾಸರಿ ಒಂದು ಮಿಲಿವ್ಯಾಟಿನ ಆಸುಪಾಸು. ಮೂರರಿಂದ ಆರು ಹೆಜ್ಜೆ ಹಾಕಿದರೆ ಆ ಬೂಟು ತನ್ನ ಗುರುತಿನ ಸಂಕೇತವನ್ನು ರೇಡಿಯೋದಲ್ಲಿ ಬಿತ್ತರಿಸುತ್ತಿತ್ತು.

ಒಂದು ಮಿಲಿವ್ಯಾಟ್ ಅಂದರೆ ಹತ್ತು ವ್ಯಾಟಿನ ಫೋನ್ ಚಾರ್ಜರಿನ ಹತ್ತು ಸಾವಿರದಲ್ಲಿ ಒಂದು ಪಾಲು. ನಡೆದೇ ಮೊಬೈಲ್ ಚಾರ್ಜ್ ಮಾಡಿ ಎಂಬ ಸುದ್ದಿಗಳು ಈ ವಸ್ತುವಿಗೆ ಉಪಕಾರ ಮಾಡಿಲ್ಲ, ಆಸೆ ಹುಟ್ಟಿಸಿ ನಿರಾಸೆಗೊಳಿಸಿವೆ. ತೊಡಕುಗಳೂ ಇವೆ. ಹೆಚ್ಚು ಬಿಸಿ ತಗುಲಿದರೆ ಹಾಳೆ ತನ್ನ ಗುಣವನ್ನೇ ಮರೆಯುತ್ತದೆ, ಹಾಗಾಗಿ ಅದಕ್ಕೆ ತಂತಿಯನ್ನು ನೇರವಾಗಿ ಬೆಸೆಯುವುದು ಕಷ್ಟ. ಫ್ಲೋರಿನ್ ಸಂಯುಕ್ತಗಳ ಮೇಲೆ ನಿರ್ಬಂಧ ಹೇರಲು 2023ರಲ್ಲಿ ಯುರೋಪಿನಲ್ಲಿ ಮಂಡಿಸಿದ ಪ್ರಸ್ತಾವದೊಳಗೆ ಪಿವಿಡಿಎಫ್ ಕೂಡ ಸೇರಿದೆ. ಫ್ಲೋರಿನ್ ಬೇಡದ ದಾರಿಯೂ ಇದೆ. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದವರು 2016ರಲ್ಲಿ ಮೀನಿನ ಹುರುಪೆಯಿಂದಲೇ ಇಂಥ ಪುಟ್ಟ ಜನಕ ಮಾಡಿ ತೋರಿಸಿದ್ದಾರೆ. ಅಲ್ಲಿಯೂ ವಿದ್ಯುತ್ ಕೊಟ್ಟದ್ದು ಕೊಲಾಜನ್, ಫುಕಾಡ ಮೂಳೆಯಲ್ಲಿ ಕಂಡ ಅದೇ ಎಳೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ಹೆಜ್ಜೆಯಿಂದ ವಿದ್ಯುತ್ ಎಂಬ ಮಾದರಿ ಮತ್ತೆಮತ್ತೆ ಕಾಣಿಸುತ್ತದೆ. ಹಲಗೆಯಡಿ ಪೀಜೋ ಬಿಲ್ಲೆಗಳು, ತುಳಿದರೆ ಮಿನುಗುವ ಎಲ್ಇಡಿ. ಮಕ್ಕಳ ಉತ್ಸಾಹ ನಿಜವಾದದ್ದು, ಗುರಿ ಮಾತ್ರ ಬದಲಾಗಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಅಂಗಾಲಿನ ಯಾವ ಭಾಗದ ಮೇಲೆ ಅತಿಯಾದ ಭಾರ ಬೀಳುತ್ತಿದೆ ಎಂಬುದು ತಿಳಿಯುವುದಿಲ್ಲ, ಗಾಯವಾದ ಮೇಲಷ್ಟೇ ಗೊತ್ತಾಗುತ್ತದೆ. ಪ್ರತಿ ಹೆಜ್ಜೆಯ ಒತ್ತಡವನ್ನು ಗುರುತಿಸಿ, ಆ ಹೆಜ್ಜೆಗಳದೇ ಶಕ್ತಿಯಿಂದ ಆಗಾಗ ಒಂದು ಸಂಕೇತ ಕಳಿಸುವ ಅಟ್ಟೆಗೆ ಮಿಲಿವ್ಯಾಟ್ ಸಾಕಾದೀತು. ಪ್ರಾಜೆಕ್ಟ್ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳೂ ಅವರ ಮೇಷ್ಟರುಗಳೂ ಈ ವರ್ಷ ಹಲಗೆಯನ್ನು ಬಿಟ್ಟು ಚಪ್ಪಲಿಯನ್ನು ಕೈಗೆತ್ತಿಕೊಳ್ಳಲಿ.